ಗೋಪಿನಾಥಂ ದಾರಿಯಲ್ಲಿ ಗ್ಯಾಸ್ ಡಿಟೆಕ್ಟರ್ ಕೂಗಿದರೆ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಘಾಟಿ ಇಳಿದು ಗೋಪಿನಾಥಂ ಸೇರುವಷ್ಟರಲ್ಲಿ ಗಾಳಿಯೇ ಬದಲಾಗಿರುತ್ತದೆ. ಬೆಟ್ಟದ ಮೇಲಿನ ತಂಪು ಹಿಂದೆ ಉಳಿದು, ಕಾವೇರಿ ಕಣಿವೆಯ ಧಗೆ ಮುಖಕ್ಕೆ ರಾಚುತ್ತದೆ. ಬೇಸಿಗೆಯಲ್ಲಿ ಇಲ್ಲಿ ವಾಹನದೊಳಗೆ ಮಲಗುವವರು ರಾತ್ರಿಯಿಡೀ ಫ್ಯಾನ್ ಆರಿಸುವುದಿಲ್ಲ. ಸಣ್ಣ ಫ್ರಿಜ್ ಒಂದು ಕಡೆ ಗುರ್ ಎನ್ನುತ್ತಿರುತ್ತದೆ, ಮೊಬೈಲುಗಳು ಚಾರ್ಜ್ ಆಗುತ್ತಿರುತ್ತವೆ. ಬೆಳಗಿನ ಜಾವ ಮೂರರ ಸುಮಾರಿಗೆ, ನೆಲಕ್ಕೆ ಹತ್ತಿರವಾಗಿ ಗೋಡೆಗೆ ಕೂರಿಸಿದ ಅಂಗೈಯಗಲದ ಪೆಟ್ಟಿಗೆಯೊಂದು ‘ಪೀಂಕ್’ ಎನ್ನುತ್ತದೆ. ಅರ್ಧ ನಿಮಿಷ ಸುಮ್ಮನಿದ್ದು ಮತ್ತೆ ‘ಪೀಂಕ್’. ಹೊರಗೆ ಕಾಡಿನಲ್ಲಿ ನತ್ತಿಂಗ, ಗೂಬೆಗಳ ಕೂಗೂ ಹೀಗೇ ಒಂದೇ ಲಯದಲ್ಲಿ ಬರುವುದರಿಂದ, ಸದ್ದು ಒಳಗಿನದೋ ಹೊರಗಿನದೋ ಎಂದು ತಿಳಿಯಲೇ ಸ್ವಲ್ಪ ಹೊತ್ತು ಬೇಕು. ತಿಳಿದ ಮೇಲೆ ನಿದ್ದೆಗಣ್ಣಿನಲ್ಲಿ ಬಹಳ ಮಂದಿ ಮಾಡುವ ಕೆಲಸ ಒಂದೇ: ಪೆಟ್ಟಿಗೆಯ ವೈರ್ ಕಿತ್ತು ಮಲಗುವುದು.

ಅದೊಂದನ್ನು ಮಾತ್ರ ಮಾಡಬಾರದು. ಆ ಪೆಟ್ಟಿಗೆ ಅಡುಗೆ ಅನಿಲ ಸೋರಿದರೆ ಎಬ್ಬಿಸಲೆಂದು ಇಟ್ಟ ಡಿಟೆಕ್ಟರ್. ಅದರ ಬಿಟ್ಟು ಬಿಟ್ಟು ಬರುವ ಸದ್ದಿಗೆ ಹತ್ತರಲ್ಲಿ ಒಂಬತ್ತು ಸಲ ಅನಿಲ ಕಾರಣವಾಗಿರುವುದಿಲ್ಲ ಎಂಬುದು ಈ ವಾಹನಗಳ ಜೊತೆ ಓಡಾಡಿದ ನನ್ನ ಅಂದಾಜು. ಆದರೆ ಕಾರಣ ಹುಡುಕದೆ ಬಾಯಿ ಮುಚ್ಚಿಸಿದರೆ, ಉಳಿದ ಆ ಒಂದು ಸಲಕ್ಕೆ ಎಬ್ಬಿಸುವವರು ಯಾರೂ ಇರುವುದಿಲ್ಲ.

ಕ್ಯಾರವಾನ್ ಎಂದರೆ ನಮ್ಮಲ್ಲಿ ಬಹುಕಾಲ ಸಿನಿಮಾ ನಟರು ಬಣ್ಣ ಹಚ್ಚಿಕೊಳ್ಳುವ, ಬಿಡುವಿನಲ್ಲಿ ಕೂರುವ ವಾಹನ ಎಂದೇ ಅರ್ಥವಿತ್ತು. 2020ರಲ್ಲಿ ಬಂದ ರಾಜ್ಯದ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸವನ್ನೂ ಪರಿಗಣಿಸಿತು. ಕೊರೊನಾ ಕಾಲದಲ್ಲಿ ಹೋಟೆಲ್ ಕೋಣೆಗೆ ಹೆದರಿದವರು ಇಂಥ ವಾಹನಗಳ ಕಡೆ ತಿರುಗಿದರು. ಬೆಂಗಳೂರಿನಿಂದ ಬಾಡಿಗೆಗೆ ಸಿಗತೊಡಗಿದವು. ಟೆಂಪೊ ಟ್ರಾವೆಲರ್ (ಟಿ.ಟಿ.) ಕೊಂಡು ತಾವೇ ಹಾಸಿಗೆ, ಸಿಂಕು, ಒಲೆ ಕೂರಿಸಿಕೊಂಡವರೂ ಇದ್ದಾರೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಬೆಟ್ಟ ಹತ್ತಿ ಇಳಿಯುವ ದಾರಿ ಇವರಿಗೆ ಅಚ್ಚುಮೆಚ್ಚು. ಒಂದು ಕಾಲಕ್ಕೆ ಹೊರಗಿನವರಿಗೆ ಗೋಪಿನಾಥಂ ಎಂದರೆ ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು, ಅಷ್ಟೇ. ಈ ಊರಿನವರ ವಿಶ್ವಾಸ ಗಳಿಸಿ, ಅವರ ನಡುವೆಯೇ ಇದ್ದು ದುಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಇದೇ ಸೀಮೆಯಲ್ಲಿ ಹತ್ಯೆಯಾದರು. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಸಂದಿತು. ಇಂದು ಜನ ಇಲ್ಲಿಗೆ ಹೆದರಿಕೆಯಿಲ್ಲದೆ ಬರುತ್ತಾರೆ. ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ, ಜಲಾಶಯವಿದೆ, ಮುಂದೆ ಹೊಗೇನಕಲ್ ಇದೆ. ಸುತ್ತ ಕಾವೇರಿ ವನ್ಯಜೀವಿ ಧಾಮ.

ಆದರೆ ಈ ದಾರಿಯಲ್ಲಿ ಗ್ಯಾಸ್ ಒಲೆ ಹೊತ್ತು ಸಾಗುವ ವಾಹನಗಳಲ್ಲಿ ಕ್ಯಾರವಾನ್‌ಗಳ ಪಾಲು ಬಹಳ ಸಣ್ಣದು. ಶಿವರಾತ್ರಿಗೋ ದೀಪಾವಳಿಗೋ ತಾಳಬೆಟ್ಟದ ಹತ್ತಿರ ನಿಂತು ನೋಡಿ. ಮಾದಪ್ಪನ ಒಕ್ಕಲಿನವರು ಟಿ.ಟಿ.ಗಳಲ್ಲಿ, ಗೂಡ್ಸ್ ಆಟೊಗಳಲ್ಲಿ, ಮಿನಿ ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಹಿಂದಿನ ಸೀಟಿನ ಕೆಳಗಿಂದ ಸಿಲಿಂಡರ್ ಹೊರಬರುತ್ತದೆ, ಎರಡು ಬರ್ನರಿನ ಒಲೆ ಬರುತ್ತದೆ, ತಪ್ಪಲೆ ಬರುತ್ತದೆ. ಮರದಡಿ ಅಡುಗೆ, ಊಟ, ಆಮೇಲೆ ಅದೇ ಸಿಲಿಂಡರ್ ಅದೇ ಸೀಟಿನ ಕೆಳಕ್ಕೆ. ರಾತ್ರಿ ಅದೇ ಸೀಟುಗಳ ಮೇಲೆ ಮಕ್ಕಳು, ಅಜ್ಜಿಯರು ಮಲಗುತ್ತಾರೆ. ಕನ್ನಡ ನಾಡಿನ ನಿಜವಾದ ಮೋಟರ್ ಮನೆ ಎಂದರೆ ನನ್ನ ಲೆಕ್ಕದಲ್ಲಿ ಇದೇ. ಇವುಗಳಲ್ಲಿ ಡಿಟೆಕ್ಟರ್ ಇರುವುದನ್ನು ನಾನು ಕಂಡಿಲ್ಲ.

ಅನಿಲದ ಗುಣವೊಂದನ್ನು ಮೊದಲು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ನಮ್ಮ ಸಿಲಿಂಡರಿನೊಳಗೆ ಇರುವುದು ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಹಾಗಾಗಿ ಸೋರಿದ ಅನಿಲ ಮೇಲೇಳದೆ ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಡಿಟೆಕ್ಟರನ್ನು ನೆಲದಿಂದ ಗೇಣು ಮೇಲೆ ಕೂರಿಸುವುದು ಇದಕ್ಕೇ. ಬೆಂಗಳೂರಿನ ಮನೆಗಳಿಗೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹೆಚ್ಚಾಗಿ ಮೀಥೇನ್. ಅದು ಗಾಳಿಗಿಂತ ಹಗುರ, ಚಾವಣಿಯ ಕಡೆಗೆ ಏರುತ್ತದೆ. ಅಲ್ಲಿ ಡಿಟೆಕ್ಟರ್ ಮೇಲಿರಬೇಕು. ಮನೆಯಲ್ಲಿ ಮೇಲೆ ಹಾಕಿದ್ದನ್ನು ನೋಡಿ ವಾಹನದಲ್ಲೂ ಮೇಲೆ ಹಾಕಿಸಿದರೆ ಅದು ಇದ್ದೂ ಇಲ್ಲದಂತೆ.

ಗಾಳಿಯಲ್ಲಿ ಬ್ಯೂಟೇನ್ ಶೇ 1.8ರಷ್ಟು, ಪ್ರೋಪೇನ್ ಶೇ 2.1ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನಾಲ್ಕು ಮೀಟರ್ ಉದ್ದ, ಎರಡು ಮೀಟರಿಗೆ ತುಸು ಕಡಿಮೆ ಅಗಲ-ಎತ್ತರದ ವಾಹನದ ಒಳಭಾಗ ಸುಮಾರು 14 ಘನ ಮೀಟರ್. ಅದರ ಶೇ 1.8 ಎಂದರೆ 250 ಲೀಟರ್ ಅನಿಲ. ಒಂದು ಲೀಟರ್ ದ್ರವ ಎಲ್‌ಪಿಜಿ ಹೊರಬಂದರೆ ಹೆಚ್ಚುಕಡಿಮೆ ಅಷ್ಟೇ ಅನಿಲವಾಗಿ ಹಿಗ್ಗುತ್ತದೆ. ತೂಕದಲ್ಲಿ ಹೇಳುವುದಾದರೆ ಅರ್ಧ ಕೆ.ಜಿ.ಗೆ ತುಸು ಹೆಚ್ಚು. ಅನಿಲ ವಾಹನದ ತುಂಬ ಸಮನಾಗಿ ಬೆರೆತರೆ ಇಷ್ಟು ಬೇಕು; ನೆಲದಲ್ಲೇ ಕೂರುವುದರಿಂದ ಅಲ್ಲಿ ಅಪಾಯದ ಮಟ್ಟ ಮುಟ್ಟಲು ಇದರ ಒಂದು ಪಾಲು ಸಾಕು. ಒಳ್ಳೆಯ ಡಿಟೆಕ್ಟರ್ ಈ ಹೊತ್ತುವ ಮಿತಿಯ ಕಾಲು ಭಾಗ ಮುಟ್ಟುವುದರೊಳಗೆ ಕೂಗಬೇಕು. ವಾಸನೆಗೆಂದು ಅನಿಲಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ನಿಜ. ಆದರೆ ಮಲಗಿದವರಿಗೆ ವಾಸನೆ ಎಚ್ಚರ ಕೊಡುವುದಿಲ್ಲ, ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದ ಮೂಗು ಅದನ್ನು ಗ್ರಹಿಸುವುದನ್ನೇ ಬಿಡುತ್ತದೆ.

ಬಿಟ್ಟು ಬಿಟ್ಟು ಬಂದರೆ ಒಂದು, ಒಂದೇ ಸಮನೆ ಬಂದರೆ ಇನ್ನೊಂದು

ಡಿಟೆಕ್ಟರ್ ಎರಡು ಬಗೆಯಲ್ಲಿ ಮಾತಾಡುತ್ತದೆ. ಅನಿಲ ಕಂಡರೆ ಕಿವಿ ಕಿತ್ತುಹೋಗುವಂತೆ ಒಂದೇ ಸಮನೆ ಅರಚುತ್ತದೆ, ಕೆಂಪು ದೀಪ ಮಿಣುಕುತ್ತದೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಬರುವ ಒಂಟಿ ‘ಪೀಂಕ್’ ಅದರ ಸ್ವಂತ ಕಷ್ಟದ್ದು: ಕರೆಂಟು ಸಾಲದು, ಒಳಗೇನೋ ಕೆಟ್ಟಿದೆ, ಇಲ್ಲವೇ ಆಯಸ್ಸು ಮುಗಿದಿದೆ. ದೀಪದ ಬಣ್ಣ, ಸದ್ದಿನ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಕೈಪಿಡಿಯ ಆ ಒಂದು ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ನಡುರಾತ್ರಿ ಹುಡುಕಾಡುವುದು ತಪ್ಪುತ್ತದೆ. ಬಾಡಿಗೆ ವಾಹನವಾದರೆ ಕೀ ತೆಗೆದುಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು.

ಒಂಟಿ ಸದ್ದೇ ಆದರೂ ಮೊದಲ ಎರಡು ನಿಮಿಷ ಅನಿಲ ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಲೇಸು. ದೀಪದ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ. ಒಲೆಯ ನಾಬ್‌ಗಳು ಪೂರ್ತಿ ಮುಚ್ಚಿವೆಯೇ ಎಂದು ಕೈಯಾಡಿಸಿ ನೋಡಿ, ರೆಗ್ಯುಲೇಟರ್ ಆಫ್ ಮಾಡಿ, ಬಗ್ಗಿ ನೆಲದ ಹತ್ತಿರ ಮೂಸಿ. ವಾಸನೆಯಿಲ್ಲ ಎಂದು ಖಾತ್ರಿಯಾದ ಮೇಲೆ ದೋಷ ಹುಡುಕಲು ಕೂರಬಹುದು. ಕೂಗುತ್ತಿರುವುದು ಯಾವ ಪೆಟ್ಟಿಗೆ ಎಂಬುದನ್ನೂ ಮೊದಲು ತೀರ್ಮಾನಿಸಬೇಕು. ಒಳ್ಳೆಯ ಕ್ಯಾರವಾನ್‌ನಲ್ಲಿ ಹೊಗೆಗೆ ಒಂದು, ಕಾರ್ಬನ್ ಮೋನಾಕ್ಸೈಡಿಗೆ ಒಂದು, ಎಲ್‌ಪಿಜಿಗೆ ಒಂದು ಹೀಗೆ ಮೂರು ಇರುತ್ತವೆ. ಇಂಥ ಸಣ್ಣ, ತೀಕ್ಷ್ಣ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. ಒಂದೊಂದರ ಮುಂದೆಯೂ ಒಂದು ನಿಮಿಷ ನಿಂತು ಕೇಳಿಯೇ ಗೊತ್ತುಮಾಡಬೇಕು. ಮೊದಲೆರಡು ಸಾಮಾನ್ಯವಾಗಿ ಸಣ್ಣ ಸೆಲ್ ಮೇಲೆ ನಡೆಯುತ್ತವೆ, ಸೆಲ್ ಬದಲಿಸಿದರೆ ಸುಮ್ಮನಾಗುತ್ತವೆ. ಎಲ್‌ಪಿಜಿಯದು ವಾಹನದ 12 ವೋಲ್ಟ್ ಬ್ಯಾಟರಿಗೆ ನೇರ ಜೋಡಣೆ. ಗೋಪಿನಾಥಂನಂಥ ಕಡೆ ಕೂಗುವುದು ಹೆಚ್ಚಾಗಿ ಇದೇ.

ಯಾಕೆ ಎಂದು ಲೆಕ್ಕ ಹಾಕೋಣ. ಎರಡು ಫ್ಯಾನ್, ತಲಾ ಎರಡು ಆಂಪಿಯರ್. ಫ್ರಿಜ್ ಸರಾಸರಿ ಎರಡೂವರೆ. ಒಟ್ಟು ಆರೂವರೆ ಆಂಪಿಯರ್. ಎಂಟು ಗಂಟೆಗೆ 52 ಆಂಪಿಯರ್-ಗಂಟೆ. ಬಹಳ ವಾಹನಗಳಲ್ಲಿ ಇರುವ 100 ಆಂಪಿಯರ್-ಗಂಟೆಯ ಲೆಡ್-ಆ್ಯಸಿಡ್ ಬ್ಯಾಟರಿಯಿಂದ ಅದರ ಆಯಸ್ಸಿಗೆ ಧಕ್ಕೆಯಾಗದಂತೆ ತೆಗೆಯಬಹುದಾದದ್ದು ಅರ್ಧ ಮಾತ್ರ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ, 12.0 ತೋರಿಸಿದರೆ ಕಾಲು ಭಾಗ ಉಳಿದಿದೆ ಎಂದರ್ಥ. ಹಳೆಯ ಬ್ಯಾಟರಿಯಾದರೆ, ಫ್ಯಾನ್ ಫ್ರಿಜ್ ಎರಡೂ ಓಡುತ್ತಿರುವಾಗ ಬೆಳಗಿನ ಜಾವದಲ್ಲಿ 11ರ ಕೆಳಗೆ ಜಾರಿಬಿಡುತ್ತದೆ. ಫ್ಯಾನ್ ನಿಧಾನವಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಡಿಟೆಕ್ಟರಿಗೆ ಗೊತ್ತಾಗುತ್ತದೆ, ಹೇಳುತ್ತದೆ.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಫ್ಯಾನ್, ಫ್ರಿಜ್ ಆರಿಸಿ ಕಾಲು ಗಂಟೆ ಕಾಯಿರಿ. ಸದ್ದು ನಿಂತರೆ ದೋಷ ಬ್ಯಾಟರಿಯ ಕಡೆಗೆ ಇದೆ. ಬೆಳಗಾದ ಮೇಲೆ ಗಾಡಿ ಓಡಿಸಿದಾಗಲೋ ಶಿಬಿರದ ಪ್ಲಗ್‌ಗೆ ಜೋಡಿಸಿದಾಗಲೋ ಮಾಯವಾಗಿ, ರಾತ್ರಿ ಮತ್ತೆ ಬಂದರೆ ಇನ್ನು ಅನುಮಾನವೇ ಬೇಡ.

ಬ್ಯಾಟರಿ ಚೆನ್ನಾಗಿದ್ದೂ ಸದ್ದು ಬಂದರೆ? ಕೊಳ್ಳೇಗಾಲದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಇದನ್ನು ಹುಡುಕಿದ ರೀತಿ ನನಗೆ ಬಹಳ ಹಿಡಿಸಿತು. ವಾಹನ ಘಾಟಿ ಇಳಿದು ಹತ್ತಿ ಬಂದಿತ್ತು. ಬ್ಯಾಟರಿ ಬದಲಿಸೋಣ ಎಂದು ಮಾಲೀಕರು ಹೇಳುತ್ತಲೇ ಇದ್ದರು. ಆತ ಅವಸರ ಮಾಡಲಿಲ್ಲ. ಎಲ್ಲ ಫ್ಯಾನ್ ಹಾಕಿಸಿ ಬ್ಯಾಟರಿಯ ತುದಿಗಳಿಗೆ ಮೀಟರ್ ಇಟ್ಟರು; 12.3. ಆಮೇಲೆ ಡಿಟೆಕ್ಟರಿನ ಎರಡು ಸ್ಕ್ರೂ ಬಿಚ್ಚಿ, ಅದರ ಹಿಂದೆ ಬರುವ ಕೆಂಪು-ಕಪ್ಪು ವೈರಿಗೇ ಮೀಟರ್ ಮುಟ್ಟಿಸಿದರು, 10.1. “ಮಿಷಿನ್‌ದೇನೂ ತಪ್ಪಿಲ್ಲ ಸಾ. ಬ್ಯಾಟ್ರೀಲಿ ಇರೋದು ಇಲ್ಗಂಟ ಬತ್ತಾ ಇಲ್ಲ,” ಎಂದವರೇ ಬೆಂಚಿನಡಿ ತೂರಿದರು. ಕಪ್ಪು ವೈರು ಬಾಡಿಗೆ ಅರ್ತ್ ಆಗುವ ಜಾಗದಲ್ಲಿ ಬೋಲ್ಟು ತುಕ್ಕು ಹಿಡಿದು, ಘಾಟಿಯ ಕುಲುಕಾಟಕ್ಕೆ ಸಡಿಲವಾಗಿತ್ತು. ಫ್ಯಾನುಗಳ ಕಪ್ಪು ವೈರೂ ಅದೇ ಬೋಲ್ಟಿಗೆ ಬಂದಿದ್ದರಿಂದ, ಫ್ಯಾನ್ ಹಾಕಿದಾಗೆಲ್ಲ ಅಲ್ಲಿಯೇ ಎರಡು ವೋಲ್ಟ್ ಸೋರಿಹೋಗುತ್ತಿತ್ತು. ಮರಳು ಕಾಗದದಲ್ಲಿ ಉಜ್ಜಿ, ಹೊಸ ಲಗ್ ಹಾಕಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದರು. ಮತ್ತೆ ಮೀಟರ್ ಇಟ್ಟಾಗ 12.2. ಬ್ಯಾಟರಿಯ ಹತ್ತಿರ ಅಳೆದು ಅಲ್ಲಿಗೇ ಬಿಡದೆ, ಪೆಟ್ಟಿಗೆಯ ಬಾಯಲ್ಲೇ ಅಳೆಯಬೇಕು ಎಂಬುದು ಅಲ್ಲಿ ಕಣ್ಣೆದುರೇ ತಿಳಿಯಿತು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ವೈರು, ಫ್ಯೂಸು, ಅರ್ತ್ ಮೂರನ್ನೂ ನೋಡಿಸಬೇಕು.

ಮನೆ ಮುಂದೆ ತಿಂಗಳುಗಟ್ಟಲೆ ನಿಂತ ವಾಹನ ಹೊರಡುವ ದಿನವೇ ಕೂಗುವುದಕ್ಕೆ ಕಾರಣ ಬೇರೆ. ಡಿಟೆಕ್ಟರ್ ತಾನೇ ಸ್ವಲ್ಪ ಕರೆಂಟು ತಿನ್ನುತ್ತದೆ. 0.1 ಆಂಪಿಯರ್ ಎಂದು ಹಿಡಿದರೂ ದಿನಕ್ಕೆ 2.4, ತಿಂಗಳಿಗೆ 72 ಆಂಪಿಯರ್-ಗಂಟೆ. ಬಳಸದೆ ನಿಲ್ಲಿಸುವಾಗ ಸಿಲಿಂಡರ್ ಇಳಿಸಿ, ಬ್ಯಾಟರಿಯ ಮುಖ್ಯ ಸ್ವಿಚ್ ತೆಗೆದಿಡಬೇಕು. ವೈರ್ ಕೀಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ವಾಹನದಲ್ಲಿ ಆಗ ಅನಿಲವೂ ಇಲ್ಲ, ಮಲಗುವವರೂ ಇಲ್ಲ.

ಪೆಟ್ಟಿಗೆಯ ಒಳಗೆ

ಅಷ್ಟು ಕರೆಂಟು ಯಾಕೆ ಬೇಕು ಎಂದರೆ, ಬಹುತೇಕ ಡಿಟೆಕ್ಟರುಗಳೊಳಗೆ ಒಂದು ಪುಟ್ಟ ಹೀಟರ್ ಸದಾ ಉರಿಯುತ್ತಿರುತ್ತದೆ. ಜಪಾನಿನ ನವೊಯೊಶಿ ತಗುಚಿ 1960ರ ದಶಕದಲ್ಲಿ ರೂಪಿಸಿದ ಸೆನ್ಸರಿನ ವಂಶದವು ಇವು. ಅದರ ಜೀವಾಳ ತವರದ ಆಕ್ಸೈಡ್. ಅದನ್ನು ಕೆಲವು ನೂರು ಡಿಗ್ರಿ ಕಾಯಿಸಿದಾಗ ಗಾಳಿಯಲ್ಲಿನ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಡುತ್ತದೆ; ವಿದ್ಯುತ್ ಸರಾಗವಾಗಿ ಹರಿಯದು. ಅಡುಗೆ ಅನಿಲ ಬಂದರೆ ಆ ಆಮ್ಲಜನಕದೊಡನೆ ಸೇರಿ ಉರಿದುಹೋಗುತ್ತದೆ, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ಹರಿವು ಏರುತ್ತದೆ. ಆ ಏರಿಕೆಯನ್ನು ಕಂಡು ಪೆಟ್ಟಿಗೆ ಕೂಗುತ್ತದೆ. ವೋಲ್ಟೇಜ್ ಇಳಿದರೆ ಹೀಟರ್ ತಣ್ಣಗಾಗಿ ಈ ಇಡೀ ವ್ಯವಹಾರವೇ ಏರುಪೇರಾಗುವುದರಿಂದ, ನನ್ನನ್ನು ಇನ್ನು ನಂಬಬೇಡಿ ಎಂದು ಮೊದಲೇ ತಿಳಿಸುವಂತೆ ಮಾಡಿರುತ್ತಾರೆ.

ವರ್ಷಗಟ್ಟಲೆ ಕಾದು ಕಾದು ಸೆನ್ಸರ್ ಸವೆಯುತ್ತದೆ. ಹೆಚ್ಚಿನವಕ್ಕೆ ಐದರಿಂದ ಏಳು ವರ್ಷದ ಆಯಸ್ಸು. ತಯಾರಾದ ದಿನಾಂಕ ಪೆಟ್ಟಿಗೆಯ ಬೆನ್ನಿಗೆ ಇರುತ್ತದೆ, ಗೋಡೆಯಿಂದ ಬಿಚ್ಚದೆ ಕಾಣುವುದಿಲ್ಲ. ಅವಧಿ ಮುಗಿದದ್ದನ್ನು ತಾವೇ ಲೆಕ್ಕ ಹಾಕಿ ಕೂಗುವ ಡಿಟೆಕ್ಟರುಗಳಿವೆ. ಅವಕ್ಕೆ ಹೊಸ ಬ್ಯಾಟರಿ, ಹೊಸ ವೈರು ಯಾವುದೂ ಮದ್ದಲ್ಲ, ಪೆಟ್ಟಿಗೆಯನ್ನೇ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ವಾಹನ ಕೊಳ್ಳುವವರು ಟೈರಿನ ವರ್ಷ ನೋಡುವಷ್ಟೇ ಮುತುವರ್ಜಿಯಿಂದ ಇದರ ವರ್ಷ ನೋಡಬೇಕು. ‘ಟೆಸ್ಟ್’ ಗುಂಡಿ ಒತ್ತಿದಾಗ ಕೂಗಿತಲ್ಲ ಎಂಬ ಸಮಾಧಾನ ಸಾಲದು. ಬಹಳಷ್ಟು ಪೆಟ್ಟಿಗೆಗಳಲ್ಲಿ ಆ ಗುಂಡಿ ಬಜರ್ ಮತ್ತು ದೀಪವನ್ನಷ್ಟೇ ಪರೀಕ್ಷಿಸುತ್ತದೆ, ಸೆನ್ಸರಿನ ಮೂಗು ಚುರುಕಾಗಿದೆಯೇ ಎಂದು ಹೇಳುವುದಿಲ್ಲ.

ದೂಳಿನ ಮಾತೂ ಇದೆ. ಹನೂರಿನಿಂದ ಆಚೆ ಬೇಸಿಗೆಯ ರಸ್ತೆ ದೂಳು ನೆಲಮಟ್ಟದ ಜಾಲರಿಯಲ್ಲಿ ಕೂರುತ್ತದೆ, ಜೇಡ ಬಲೆ ಹೆಣೆಯುತ್ತದೆ. ಬ್ರಷ್‌ನಿಂದಲೋ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದಲೋ ಒರೆಸಿದರೆ ಸಾಕು. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಉಜ್ಜಬಾರದು, ಅದರ ಆವಿಯನ್ನೇ ಸೆನ್ಸರ್ ಅನಿಲವೆಂದು ತಿಳಿಯುತ್ತದೆ. ಕಿಟಕಿ ಸಂದಿಗೆ ಹಚ್ಚುವ ಸಿಲಿಕೋನ್ ಸೀಲಂಟಿನ ಆವಿ ಇನ್ನೂ ಕೆಟ್ಟದ್ದು. ಸೆನ್ಸರನ್ನು ಕಾಯಂ ಆಗಿ ಮಂದವಾಗಿಸಬಲ್ಲದು. ತಾವೇ ವಾಹನ ಕಟ್ಟಿಕೊಳ್ಳುವವರು ಸೀಲಂಟ್ ಕೆಲಸವೆಲ್ಲ ಮುಗಿದು, ಒಣಗಿ, ವಾಸನೆ ಹೋದ ಮೇಲೆಯೇ ಡಿಟೆಕ್ಟರ್ ಕೂರಿಸುವುದು ಒಳ್ಳೆಯದು.

ಒಂದೇ ಸಮನೆ ಅರಚುವ ಸುಳ್ಳು ಎಚ್ಚರಿಕೆಗಳಿಗೂ ಈ ಭಾಗದಲ್ಲಿ ಗುರುತು ಸಿಗುವ ಕಾರಣಗಳಿವೆ. ಜಲಾಶಯದ ಹತ್ತಿರ ಸಂಜೆಯಾದರೆ ಸೊಳ್ಳೆ. ಬಾಗಿಲು ಹಾಕಿ ಸೊಳ್ಳೆ ಸ್ಪ್ರೇ ಹೊಡೆಯುತ್ತಾರೆ. ಅಂಥ ಡಬ್ಬಿಗಳಲ್ಲಿ ಔಷಧವನ್ನು ಹೊರದೂಡಲು ಬಳಸುವುದು ಅನೇಕ ಸಲ ಪ್ರೋಪೇನ್-ಬ್ಯೂಟೇನನ್ನೇ. ಡಿಟೆಕ್ಟರ್ ಅಲ್ಲಿ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕಂಡದ್ದು ನಿಜವಾದ ಅನಿಲವೇ. ಇನ್ನೊಂದು, ಸೀಟಿನಡಿ ಇಟ್ಟ ಲೆಡ್-ಆ್ಯಸಿಡ್ ಬ್ಯಾಟರಿ. ಚಾರ್ಜರ್ ಕೆಟ್ಟು ಅತಿಯಾಗಿ ಚಾರ್ಜ್ ಆದರೆ ಅದರಿಂದ ಹೈಡ್ರೋಜನ್ ಹೊರಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಸಿಲಿಂಡರ್ ಮುಚ್ಚಿದ್ದರೂ ಡಿಟೆಕ್ಟರ್ ಅರಚುತ್ತಲೇ ಇದ್ದರೆ ಬ್ಯಾಟರಿ ಪೆಟ್ಟಿಗೆ ಕಡೆ ನೋಡಬೇಕು. ಹೈಡ್ರೋಜನ್ ಕೂಡ ಹೊತ್ತಿಕೊಳ್ಳುವ ಅನಿಲವೇ, ಆದ್ದರಿಂದ ಇದನ್ನೂ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ.

ವಡಗರದ ಆ ಕ್ಯಾರವಾನ್

ಬ್ಯಾಟರಿ ಇಳಿದು ಡಿಟೆಕ್ಟರ್ ಕೂಗಿತು, ಸರಿ, ಎಂಜಿನ್ ಚಾಲೂ ಮಾಡಿ ಚಾರ್ಜ್ ಆಗಲಿ ಎಂದು ಬಿಟ್ಟು ಮತ್ತೆ ಮಲಗೋಣ ಎಂದು ಯಾರಿಗಾದರೂ ಹೊಳೆಯುತ್ತದೆ. ಜನರೇಟರ್ ಇದ್ದವರಿಗೆ ಅದು ಇನ್ನೂ ಸುಲಭ. ಈ ಯೋಚನೆ ಬಂದಾಗ ಕೇರಳದ ವಡಗರವನ್ನು ನೆನೆಯಬೇಕು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಕೋಯಿಕ್ಕೋಡಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ತಜ್ಞರು ಅದೇ ವಾಹನದಲ್ಲಿ ಜನರೇಟರ್ ಓಡಿಸಿ ಪರೀಕ್ಷೆ ಮಾಡಿದರು. ಜನರೇಟರಿನ ಕಾರ್ಬನ್ ಮೋನಾಕ್ಸೈಡ್ ಒಳಗೆ ನುಗ್ಗಿ, ಎರಡು ಗಂಟೆಯಲ್ಲಿ 957 ಪಿಪಿಎಂ ಮುಟ್ಟಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ರಕ್ತದ ಹಿಮೋಗ್ಲೋಬಿನ್ ಹಿಡಿಯುತ್ತದೆ. ಮಲಗಿದವರು ನಿದ್ದೆಯಿಂದ ನೇರ ಪ್ರಜ್ಞೆ ತಪ್ಪುತ್ತಾರೆ.

ಎಲ್‌ಪಿಜಿ ಡಿಟೆಕ್ಟರನ್ನು ನಂಬಿ ಈ ಅನಿಲದಿಂದ ಪಾರಾಗಲಾಗದು. ಮೋನಾಕ್ಸೈಡಿನದು ಬೇರೆಯೇ ಸೆನ್ಸರ್, ಬೇರೆಯೇ ಜಾಗ. ಅದರ ತೂಕ ಗಾಳಿಯಷ್ಟೇ ಆದ್ದರಿಂದ ಎಲ್ಲೆಡೆ ಬೆರೆಯುತ್ತದೆ. ಅದರ ಅಲಾರಂ ಮಲಗುವವರ ತಲೆಯ ಮಟ್ಟದಲ್ಲಿರಬೇಕು. ಅಮೆರಿಕದ ಮಾನದಂಡದಂತೆ 400 ಪಿಪಿಎಂ ಇದ್ದರೆ ಅದು 15 ನಿಮಿಷದೊಳಗೆ ಕೂಗಲೇಬೇಕು. ಅಂಥದ್ದೊಂದು ವಡಗರದ ವಾಹನದಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆ ಇಬ್ಬರೂ ಎದ್ದು ಹೊರಬರುತ್ತಿದ್ದರು ಎಂದು ಯೋಚಿಸುವಾಗ ಸಂಕಟವಾಗುತ್ತದೆ. ಬೆಟ್ಟದ ಮೇಲೆ ಚಳಿಗೆಂದು ಟೆಂಟಿನೊಳಗೋ ವಾಹನದೊಳಗೋ ಕೆಂಡದ ಬಾಣಲೆ ಇಟ್ಟುಕೊಳ್ಳುವವರಿಗೂ ಇದೇ ಅಪಾಯ. ಎಂಜಿನ್, ಜನರೇಟರ್, ಕೆಂಡ ಈ ಮೂರೂ ಜನ ಮಲಗಿರುವಾಗ ಕೂಡದು. ಕಾಡಿನ ಅಂಚಿನಲ್ಲಿ ನಡುರಾತ್ರಿ ಎಂಜಿನ್ ಸದ್ದು ಮಾಡುವುದು ಪ್ರಾಣಿಗಳಿಗೂ ಹಿಂಸೆ. ಬ್ಯಾಟರಿ ಇಳಿದಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಫ್ರಿಜ್ ಆರಿಸಿ, ಕಿಟಕಿಯ ಸೊಳ್ಳೆ ಪರದೆ ಮಾತ್ರ ಹಾಕಿ ಮಲಗಿ. ಬೆಳಕಾದ ಮೇಲೆ ಚಾರ್ಜ್ ಮಾಡಿಕೊಳ್ಳಬಹುದು.

ಹೊರಗೆ ಆನೆ, ಒಳಗೆ ಅನಿಲ

ಒಂದೇ ಸಮನೆ ಅರಚಿದಾಗ ಏನು ಮಾಡಬೇಕು ಎಂಬುದು ಎಲ್ಲ ಊರಿಗೂ ಒಂದೇ. ಯಾವ ಸ್ವಿಚ್ಚನ್ನೂ ಹಾಕುವುದೂ ಬೇಡ, ತೆಗೆಯುವುದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತದೆ. ಗಾಳಿ ಬರಲಿ ಎಂದು ಫ್ಯಾನ್ ಹಾಕಬಾರದು. ಬಾಗಿಲು ತೆರೆದು ಮಕ್ಕಳು, ಹಿರಿಯರನ್ನು ಮೊದಲು ಹೊರಗೆ ಕಳಿಸಿ, ಕೈಗೆ ಸಿಗುವಂತಿದ್ದರೆ ರೆಗ್ಯುಲೇಟರ್ ಮುಚ್ಚಿ, ದೂರ ಬಂದ ಮೇಲೆ ಫೋನ್ ಮಾಡಬೇಕು. ಎಲ್‌ಪಿಜಿ ಸೋರಿಕೆಗೆ ದೇಶದಾದ್ಯಂತ 1906, ಉಳಿದ ತುರ್ತಿಗೆ 112.

ಗೋಪಿನಾಥಂನಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ. ಇದು ಆನೆಗಳು ಓಡಾಡುವ ಸೀಮೆ. ಕತ್ತಲಲ್ಲಿ ‘ದೂರ ಹೋಗಿ ನಿಲ್ಲಿ’ ಎಂದು ಮಕ್ಕಳಿಗೆ ಹೇಳುವಂತಿಲ್ಲ. ಇದಕ್ಕೆ ಉತ್ತರ ಆ ಗಳಿಗೆಯಲ್ಲಿ ಸಿಗುವುದಿಲ್ಲ, ವಾಹನ ನಿಲ್ಲಿಸುವಾಗಲೇ ಯೋಚಿಸಬೇಕು. ಅರಣ್ಯದೊಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವುದು ಹೇಗೂ ಕಾನೂನಿಗೆ ವಿರುದ್ಧ. ಶಿಬಿರದ ಆವರಣದಲ್ಲೋ ಊರೊಳಗೆ ಕೇಳಿಕೊಂಡ ಅಂಗಳದಲ್ಲೋ ನಿಲ್ಲಿಸಿ, ಬಾಗಿಲು ತೆರೆದರೆ ಎದುರಿಗೆ ಬಯಲು ಅಥವಾ ಕಟ್ಟಡ ಇರುವಂತೆ ಮುಖ ಮಾಡಿಸಬೇಕು. ಇಳಿದರೆ ಎಲ್ಲಿ ಸೇರಬೇಕೆಂದು ಮಲಗುವ ಮುಂಚೆ ಎಲ್ಲರಿಗೂ ತೋರಿಸಿರಬೇಕು. ಟಾರ್ಚನ್ನು ಕೈಯಲ್ಲಿ ಹಿಡಿದು ಇಳಿಯಿರಿ, ಹೊರಗೆ ಬಂದ ಮೇಲೆ ಹಚ್ಚಿ. ಕಾಡಿನ ದಾರಿಯಲ್ಲಿ ಫೋನ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ, ಶಿಬಿರದ ಕಾವಲುಗಾರರು ಎಲ್ಲಿ ಮಲಗುತ್ತಾರೆ ಎಂಬುದನ್ನು ಸಂಜೆಯೇ ಕೇಳಿಟ್ಟುಕೊಂಡರೆ ಒಳಿತು.

ಸೋರಿಕೆಯ ಜಾಗವನ್ನು ಹಗಲಿನಲ್ಲಿ, ಬಾಗಿಲು ಕಿಟಕಿ ತೆರೆದಿಟ್ಟು, ಸೋಪಿನ ನೀರಿನಿಂದ ಹುಡುಕಬೇಕು. ಬೆಂಕಿಕಡ್ಡಿ ಗೀರಿ ನೋಡುವ ಹುಚ್ಚು ಸಾಹಸವನ್ನು ಈಗಲೂ ಮಾಡುವವರಿದ್ದಾರೆ, ಯಾರೇ ಮಾಡಿದರೂ ತಡೆಯಿರಿ. ರೆಗ್ಯುಲೇಟರ್ ಕೂರುವ ಜಾಗ, ರಬ್ಬರ್ ಪೈಪಿನ ಎರಡೂ ತುದಿ, ಒಲೆಯ ನಾಬ್‌ಗಳ ಬುಡಕ್ಕೆ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರುತ್ತಿದೆ. ನಮ್ಮ ಸಿಲಿಂಡರಿನ ವಾಲ್ವ್ ಒಳಗೆ ಒಂದು ಸಣ್ಣ ರಬ್ಬರ್ ಉಂಗುರವಿದೆ. ಅದು ಹರಿದಿದ್ದರೆ ರೆಗ್ಯುಲೇಟರ್ ಎಷ್ಟೇ ಹೊಸದಾಗಿದ್ದರೂ ಸೋರುತ್ತದೆ. ಸಿಲಿಂಡರ್ ಮನೆಗೆ ಬಂದಾಗಲೇ ಮುಚ್ಚಳ ತೆಗೆಸಿ ಇದನ್ನು ನೋಡಿಸಿಕೊಳ್ಳುವ ಹಕ್ಕು ನಮಗಿದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು ಎನ್ನುತ್ತಾರೆ. ವಾಹನದಲ್ಲಿ ಕುಲುಕಾಟ, ಬಿಸಿಲು ಎರಡೂ ಇರುವುದರಿಂದ ನಾನಾದರೆ ಅಷ್ಟು ಕಾಯುವುದಿಲ್ಲ.

ಇನ್ನು ಟಿ.ಟಿ.ಯಲ್ಲಿ ಬೆಟ್ಟಕ್ಕೆ ಬರುವವರಿಗೆ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯಲ್ಲಿ, ಕಣ್ಣು ತಪ್ಪಿಸಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ತೀರಿಕೊಂಡರು. ಅವರೂ ತೀರ್ಥಯಾತ್ರೆಗೆ ಹೊರಟವರೇ, ಬೋಗಿಯನ್ನೇ ಮನೆ ಮಾಡಿಕೊಂಡವರೇ. ಬಸ್ಸಿನ ಸೀಟಿನಡಿ ಸಿಲಿಂಡರನ್ನು ಮಲಗಿಸಿ ಒಯ್ಯುವುದು ನಮ್ಮಲ್ಲಿ ದಿನನಿತ್ಯದ ನೋಟ. ಮಲಗಿಸಿದ ಸಿಲಿಂಡರಿನಲ್ಲಿ ವಾಲ್ವ್ ಬಾಯಿಗೆ ಅನಿಲದ ಬದಲು ದ್ರವವೇ ಬಂದು ನಿಂತಿರುತ್ತದೆ. ಸೋರಿದರೆ ಒಂದಕ್ಕೆ ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಜನ ಕೂತ ವಾಹನದಲ್ಲಿ ಸಿಲಿಂಡರ್ ಬೇಡವೆನ್ನುವುದೇ ಸರಿ. ಪಾತ್ರೆ ಸಾಮಾನಿಗೆ ಬೇರೆ ಗೂಡ್ಸ್ ಗಾಡಿ ಬರುತ್ತಿದ್ದರೆ ಅದರಲ್ಲಿ, ರೆಗ್ಯುಲೇಟರ್ ಕಳಚಿ, ಸೇಫ್ಟಿ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ, ಹಗ್ಗದಲ್ಲಿ ಬಿಗಿದು ಕಳಿಸಿ. ಸಿಲಿಂಡರಿನ ಮೇಲ್ಭಾಗದ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಬರೆದಿರುತ್ತದೆ. ವರ್ಷದ ಮೊದಲ ಮೂರು ತಿಂಗಳಿಗೆ ಎ, ಕೊನೆಯ ಮೂರಕ್ಕೆ ಡಿ. ಆ ಅವಧಿ ದಾಟಿದ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾದದ್ದು. ಹೊರಡುವ ಹಿಂದಿನ ದಿನವೇ ಅದನ್ನು ಓದಿ ನೋಡಿ, ಅವಧಿ ಮೀರಿದ್ದರೆ ಏಜೆನ್ಸಿಗೆ ಹೇಳಿ ಬದಲಾಯಿಸಿಕೊಳ್ಳಿ.

ಸಿಲಿಂಡರನ್ನು ಜೊತೆಯಲ್ಲೇ ಒಯ್ಯದೆ ಗತ್ಯಂತರವಿಲ್ಲ ಎನ್ನುವವರು 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಡಿಟೆಕ್ಟರೊಂದನ್ನು ಕೊಂಡು, ವೈರು ಎಳೆದು ಸಿಲಿಂಡರಿನ ಹತ್ತಿರ ನೆಲಮಟ್ಟದಲ್ಲಿ ಕಟ್ಟಲಿ. ಹೊಸ ಸೆನ್ಸರ್ ಹದಕ್ಕೆ ಬರಲು ಒಂದೆರಡು ದಿನ ಬೇಕಾಗುವುದರಿಂದ, ಪ್ರಯಾಣಕ್ಕೆ ಮುಂಚೆಯೇ ಮನೆಯಲ್ಲಿ ಜೋಡಿಸಿ ಕರೆಂಟು ಕೊಟ್ಟಿಡಬೇಕು. ಕೊಂಡ ತಿಂಗಳು, ವರ್ಷವನ್ನು ಮಾರ್ಕರಿನಲ್ಲಿ ಪೆಟ್ಟಿಗೆಯ ಮುಂಭಾಗದಲ್ಲೇ ದಪ್ಪಗೆ ಬರೆಯಿರಿ. ‘ಪೀಂಕ್’ ಎಂದರೆ ಯಾರನ್ನು ಎಬ್ಬಿಸಬೇಕು, ರೆಗ್ಯುಲೇಟರ್ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಎಂಬುದನ್ನು ಡ್ರೈವರ್ ಒಬ್ಬರಿಗೇ ಬಿಡದೆ, ಅಡುಗೆ ಮಾಡುವ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ಒಮ್ಮೆ ಕೈಯಿಂದ ಮಾಡಿಸಿ ತೋರಿಸಿ.